ಇಷ್ಟೊಂದು ಬಾಟಲಿ, ಸನ್‌ಸ್ಕ್ರೀನ್ ಮಾತ್ರ ಇಲ್ಲ

ಕೊರಿಯಾದವರ ಹಾಗೆ ಗಾಜಿನಂತೆ ಹೊಳೆಯುವ ಚರ್ಮ ಬೇಕೆಂದು ನಮ್ಮ ಮಕ್ಕಳು ಎಂಟು, ಹತ್ತು ಬಾಟಲಿ ತರಿಸಿಕೊಳ್ಳುತ್ತಾರೆ. ಆದರೆ ಆ ಕೊರಿಯಾದವರು ಬೆಳಗಿನ ಹೊತ್ತು ಯಾವುದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತಾರೋ ಅದೊಂದನ್ನೇ ಬಿಟ್ಟುಬಿಡುತ್ತಾರೆ. ಸನ್‌ಸ್ಕ್ರೀನ್. ಇದನ್ನು ಬರೆಯದೆ ಇವತ್ತು ನನಗೆ ನಿದ್ದೆ ಬರುವುದಿಲ್ಲ.

ಸಂಜೆ ನಮ್ಮ ಔಷಧಿ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾಗಿದ್ದ ಹೊತ್ತಿನಲ್ಲಿ ಒಬ್ಬರು ತಾಯಿ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಹೈಸ್ಕೂಲು. ದುಪಟ್ಟಾದಿಂದ ಮುಖ ಮುಚ್ಚಿಕೊಂಡಿದ್ದಳು. ತೆಗೆಸಿ ನೋಡಿದರೆ ಕೆನ್ನೆ ಎರಡೂ ಕೆಂಪಾಗಿವೆ, ಮೂಗಿನ ಪಕ್ಕದಲ್ಲಿ ಸಿಪ್ಪೆ ಏಳುತ್ತಿದೆ, ಗಲ್ಲದ ಮೇಲೆ ಹಳೆಯ ಮೊಡವೆಗಳ ಕಪ್ಪು ಕಲೆ. "ನೀರು ತಾಗಿದರೂ ಉರಿಯುತ್ತದೆ ಆಂಟಿ" ಎಂದಳು. ತಾಯಿಗೆ ಅವಸರ. "ಭಾನುವಾರ ಮನೆಯಲ್ಲಿ ಗೃಹಪ್ರವೇಶ ಇದೆ ಮೇಡಂ, ಬೇಗ ಇಳಿಯುವ ಹಾಗೆ ಯಾವುದಾದರೂ ಟ್ಯೂಬ್ ಕೊಡಿ."

ಏನು ಹಚ್ಚುತ್ತಿದ್ದೀಯ ಪುಟ್ಟಿ ಎಂದು ಕೇಳಿದೆ. ಚೀಲದಿಂದ ಒಂದು ಸಣ್ಣ ಪೌಚ್ ತೆಗೆದು ಕೌಂಟರ್ ಮೇಲೆ ಬಾಟಲಿಗಳನ್ನು ಸಾಲಾಗಿ ಜೋಡಿಸಿದಳು. ಮೇಕಪ್ ತೆಗೆಯುವ ಎಣ್ಣೆ (ಆ ಮಗು ಮೇಕಪ್ ಹಚ್ಚುವುದೇ ಇಲ್ಲ), ನೊರೆ ಬರುವ ಫೇಸ್‌ವಾಶ್, ಗ್ಲೈಕೋಲಿಕ್ ಆಮ್ಲ ಇರುವ ಟೋನರ್, ಬಸವನಹುಳುವಿನ ಲೋಳೆಯ ಎಸೆನ್ಸ್, ವಿಟಮಿನ್ ಸಿ ಸೀರಮ್, ನಿಯಾಸಿನಮೈಡ್ ಸೀರಮ್, ರೆಟಿನಾಲ್, ಮೇಲೊಂದು ಕ್ರೀಮ್, ಜೊತೆಗೆ ಶೀಟ್ ಮಾಸ್ಕ್ ಪ್ಯಾಕೆಟ್‌ಗಳು. ಒಂದೊಂದನ್ನೂ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಟೋನರ್ ಬಾಟಲಿಯ ಮೇಲೆಯೇ ಅಚ್ಚಾಗಿದೆ, ಇದನ್ನು ಬಳಸುವವರು ಹಗಲಿನಲ್ಲಿ ಸನ್‌ಸ್ಕ್ರೀನ್ ಹಚ್ಚಬೇಕು ಎಂದು. ಸನ್‌ಸ್ಕ್ರೀನ್ ಎಲ್ಲಿ ಎಂದರೆ, "ಅದು ಹಚ್ಚಿದರೆ ಮುಖ ಬೂದಿ ಬಣ್ಣ ಕಾಣುತ್ತದೆ ಆಂಟಿ, ಗ್ಲೋ ಬರುವುದಿಲ್ಲ" ಎಂದಳು. ಈ ಮಗು ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತದೆ. ಮಧ್ಯಾಹ್ನ ಮೈದಾನದಲ್ಲಿ ಥ್ರೋಬಾಲ್ ಆಡುತ್ತದೆ.

ಸಿಟ್ಟು ಬಂದದ್ದು ಆ ಮಗುವಿನ ಮೇಲಲ್ಲ. ಅವಳಿಗೆ ಹೇಳಿಕೊಟ್ಟವರ ಮೇಲೆ. ರಾತ್ರಿ ಕನ್ನಡಿಯ ಮುಂದೆ ಕುಳಿತು ಒಂದರ ಮೇಲೊಂದು ಹನಿ ಹಾಕಿಕೊಳ್ಳುವ ವಿಡಿಯೋ ಮಾಡುವವರಿಗೆ ಮಾರನೆಯ ದಿನದ ಬಿಸಿಲು ನೆನಪಾಗುವುದೇ ಇಲ್ಲ. ಆಮ್ಲ ಮತ್ತು ರೆಟಿನಾಲ್ ಚರ್ಮದ ಮೇಲ್ಪದರವನ್ನು ಬೇಗ ಬೇಗ ಉದುರಿಸುತ್ತವೆ. ಒಳಗಿನ ಎಳೆಯ ಪದರ ಬಿಸಿಲಿಗೆ ಸಿಗುತ್ತದೆ. ಬೇಲಿ ಕಿತ್ತುಹಾಕಿ ಗದ್ದೆಗೆ ದನ ಬಿಟ್ಟಂತಾಯಿತು. ನಮ್ಮ ಕಂದು ಬಣ್ಣದ ಚರ್ಮಕ್ಕೆ ಇನ್ನೊಂದು ಸ್ವಭಾವವಿದೆ. ಎಲ್ಲಿ ಉರಿಯೂತವಾಯಿತೋ ಅಲ್ಲಿ ಮೆಲನಿನ್ ಎಂಬ ಬಣ್ಣದ ಅಂಶ ಹೆಚ್ಚಾಗಿ ಕಪ್ಪು ಕಲೆ ಉಳಿಯುತ್ತದೆ, ಬಿಸಿಲು ಬಿದ್ದಷ್ಟೂ ಅದು ಗಾಢವಾಗುತ್ತದೆ. ಅಂದರೆ ಕಲೆ ಹೋಗಲಿ ಎಂದು ಹಚ್ಚಿದ್ದೇ ಕಲೆಯನ್ನು ಬೆಳೆಸುತ್ತಿದೆ. ಆ ಮಗುವಿನ ಗಲ್ಲದ ಮೇಲೆ ನಾನು ನೋಡಿದ್ದು ಅದನ್ನೇ.

ಕೊರಿಯಾದ ಪದ್ಧತಿಯನ್ನೇ ನಾನು ಹಳಿಯುತ್ತಿದ್ದೇನೆ ಎಂದುಕೊಳ್ಳಬೇಡಿ. ಅದರ ಬಗ್ಗೆ ನನಗೆ ಗೌರವವಿದೆ. ಅಲ್ಲಿ ಸಂಜೆ ಎರಡು ಸಲ ಮುಖ ತೊಳೆಯುವುದಕ್ಕೆ ಕಾರಣವಿದೆ. ಎಣ್ಣೆಯಲ್ಲಿ ಕರಗುವ ಮೇಕಪ್ಪು, ಸನ್‌ಸ್ಕ್ರೀನು ಮೊದಲು ಎಣ್ಣೆಯಿಂದಲೇ ಹೋಗಬೇಕು, ಆಮೇಲೆ ಬೆವರು, ಧೂಳು ಹೋಗಲು ಫೇಸ್‌ವಾಶ್. ಹಗಲು ಸನ್‌ಸ್ಕ್ರೀನ್ ಹಚ್ಚಿದ್ದಕ್ಕೇ ಸಂಜೆ ಆ ಎಣ್ಣೆ ಬೇಕಾಯಿತು ಎಂಬುದನ್ನು ಗಮನಿಸಿ. ತೆಳುವಾದ ಟೋನರ್, ಎಸೆನ್ಸ್, ಸೀರಮ್, ಕ್ರೀಮ್ ಎಂದು ಪದರ ಪದರವಾಗಿ ತೇವ ಕೊಡುವುದಕ್ಕೂ ಕಾರಣವಿದೆ. ಜನವರಿಯಲ್ಲಿ ಸೋಲ್ ನಗರದ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿರುತ್ತದೆ, ಒಣಗಾಳಿ ಬೀಸುತ್ತದೆ, ಮನೆಯೊಳಗೆ ಹೀಟರ್ ಉರಿಯುತ್ತದೆ, ಚರ್ಮ ಬಿರಿಯುತ್ತದೆ. ಜುಲೈ ತಿಂಗಳ ಶಿವಮೊಗ್ಗದಲ್ಲಿ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರಿನಲ್ಲಿ, ಅಷ್ಟು ಪದರ ಯಾರಿಗೆ ಬೇಕು? ಮಂಗಳೂರಿನ ಸೆಕೆಯಲ್ಲಿ ಅದನ್ನೆಲ್ಲ ಹಚ್ಚಿದರೆ ಬೆವರಿನ ಜೊತೆ ಕುತ್ತಿಗೆಗೆ ಇಳಿಯುತ್ತದೆ, ಮೊಡವೆ ಬರುವ ಪ್ರಾಯದವರಿಗೆ ರಂಧ್ರ ಕಟ್ಟಿಕೊಳ್ಳುತ್ತದೆ.

ಮುಖದ ಆರೈಕೆಗೆ ಹತ್ತು ಹಂತ ಎಂಬ ಲೆಕ್ಕ ಜಗತ್ತಿನ ಬಾಯಿಗೆ ಬಿದ್ದದ್ದು 2010ರ ದಶಕದಲ್ಲಿ, ಕೊರಿಯಾದ ಸಾಮಾನನ್ನು ಅಮೆರಿಕದ ಮಾರುಕಟ್ಟೆಯಲ್ಲಿ ಮಾರಲು ಹೊರಟಾಗ. ಆ ದಶಕ ಮುಗಿಯುವ ಮೊದಲೇ ಕೊರಿಯಾದಲ್ಲಿ "ಸ್ಕಿಪ್ ಕೇರ್" ಎಂಬ ಮಾತು ಚಾಲ್ತಿಗೆ ಬಂತು. ಬೇಡದ ಹಂತ ಬಿಡಿ, ಮೂರೋ ನಾಲ್ಕೋ ಸಾಕು ಎಂದು. ಅವರು ಕಡಿಮೆ ಮಾಡಿಕೊಂಡಾಗಲೂ ಉಳಿಸಿಕೊಂಡದ್ದು ಸನ್‌ಸ್ಕ್ರೀನ್. ನಾವು ಉಳಿದದ್ದನ್ನೆಲ್ಲ ತರಿಸಿಕೊಂಡು ಅದನ್ನು ಬಿಟ್ಟೆವು.

ಅಲ್ಲಿನ ಸರ್ಕಾರ ಸನ್‌ಸ್ಕ್ರೀನನ್ನು ಮಾಮೂಲಿ ಕ್ರೀಮುಗಳ ಸಾಲಿಗೆ ಸೇರಿಸಿಲ್ಲ. ಸುಕ್ಕು ಕಡಿಮೆ ಮಾಡುವ, ಬಣ್ಣ ತಿಳಿಯಾಗಿಸುವ ಉತ್ಪನ್ನಗಳ ಜೊತೆಗೆ ಅದನ್ನೂ ಬೇರೆಯದೇ ವರ್ಗದಲ್ಲಿಟ್ಟು ತಪಾಸಣೆಗೆ ಒಳಪಡಿಸುತ್ತದೆ. ಹಾಗಿದ್ದೂ 2020ರ ಕೊನೆಯಲ್ಲಿ ಅಲ್ಲಿನ ಒಂದು ಜನಪ್ರಿಯ ಸನ್‌ಸ್ಕ್ರೀನ್ ಪೆಟ್ಟು ತಿಂದಿತು. ಟ್ಯೂಬಿನ ಮೇಲೆ ಎಸ್‌ಪಿಎಫ್ 50+ ಎಂದು ಬರೆದಿತ್ತು, ಯುರೋಪಿನ ಪ್ರಯೋಗಾಲಯದಲ್ಲಿ ಬಂದದ್ದು 19ರ ಆಸುಪಾಸು. ದೊಡ್ಡ ಗಲಾಟೆಯಾಯಿತು, ಮಾರಾಟ ನಿಂತಿತು. ಒಂದು ಸನ್‌ಸ್ಕ್ರೀನಿನ ಅಂಕಿ ಸುಳ್ಳಾಯಿತೆಂದು ಜನ ಅಷ್ಟು ಕೆರಳಿದರು. ನಮ್ಮಲ್ಲಿ ವಿಡಿಯೋ ಮಾಡುವ ಎಷ್ಟು ಮಂದಿಗೆ ಆ ಅಂಕಿಯ ಅರ್ಥ ಗೊತ್ತು?

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎಸ್‌ಪಿಎಫ್ ಎನ್ನುವುದು ಮುಖ್ಯವಾಗಿ ಬಿಸಿಲಿನಲ್ಲಿರುವ, ಚರ್ಮ ಸುಡುವ ಯುವಿಬಿ ಎಂಬ ನೇರಳಾತೀತ ಕಿರಣದ ಲೆಕ್ಕ. 30 ಇದ್ದರೆ ಸುಮಾರು ಶೇಕಡಾ 97ರಷ್ಟು ತಡೆಯುತ್ತದೆ, 50 ಇದ್ದರೆ 98ರಷ್ಟು. ಪಿಎ ಪಕ್ಕದ ಪ್ಲಸ್ ಗುರುತು ಯುವಿಎ ಕಿರಣದ್ದು. ಅದು ಇನ್ನೂ ಆಳಕ್ಕೆ ಇಳಿಯುತ್ತದೆ, ಕಿಟಕಿಯ ಗಾಜನ್ನೂ ದಾಟುತ್ತದೆ, ಕಲೆ, ಸುಕ್ಕುಗಳಿಗೆ ಕಾರಣವಾಗುತ್ತದೆ. ಸೋಲ್ ಇರುವುದು 37 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಾವಿರುವುದು 14ರಲ್ಲಿ. ಬೇಸಿಗೆಯ ನಡುಮಧ್ಯಾಹ್ನ ನಮ್ಮ ರಾಜ್ಯದಲ್ಲಿ ಈ ಕಿರಣಗಳ ತೀವ್ರತೆ ಅಳೆಯುವ ಯುವಿ ಸೂಚ್ಯಂಕ 11 ದಾಟುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿ ತೀವ್ರ ಎನ್ನುತ್ತದೆ. ಕಡಿಮೆ ಬಿಸಿಲಿನವರು ಅಗಲವಾದ ವೈಸರ್ ಟೋಪಿ ಹಾಕಿಕೊಂಡು, ಸನ್‌ಸ್ಕ್ರೀನ್ ಹಚ್ಚಿಕೊಂಡು ವಾಕಿಂಗ್ ಹೋಗುತ್ತಾರೆ. ಹೆಚ್ಚು ಬಿಸಿಲಿನ ನಾವು ಬಸವನಹುಳುವಿನ ಲೋಳೆ ಹಚ್ಚಿಕೊಂಡು ಥ್ರೋಬಾಲ್ ಆಡುತ್ತೇವೆ.

ನಮ್ಮಲ್ಲಿ ಮಾತ್ರ ಹೀಗೆ ಎಂದೇನಲ್ಲ. 2025ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಹದಿನೆಂಟರೊಳಗಿನ ಹುಡುಗಿಯರ ಇಂಥ ನೂರು ವಿಡಿಯೋಗಳನ್ನು ಪರಿಶೀಲಿಸಿದರು. ಸರಾಸರಿ ಆರು ಉತ್ಪನ್ನ. ಹಗಲಿನ ಪಟ್ಟಿಗಳಲ್ಲಿ ಸನ್‌ಸ್ಕ್ರೀನ್ ಇದ್ದದ್ದು ಕಾಲು ಭಾಗದಷ್ಟರಲ್ಲಿ ಮಾತ್ರ. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ನನಗೇಕೆ ಇಷ್ಟು ಸಂಕಟ ಎಂಬುದನ್ನೂ ಹೇಳಿಬಿಡುತ್ತೇನೆ. ಎರಡನೆಯ ಬಾಣಂತನದ ನಂತರ ನನ್ನ ಎರಡೂ ಕೆನ್ನೆಗೆ ಬಂಗು ಬಂತು. ಹತ್ತಿರದವರಿಗೆ ನೆನಪಿರಬಹುದು. ಮದುವೆ ಮನೆಯಲ್ಲಿ ಅರಿಸಿನ ಕುಂಕುಮ ಕೊಡುವಾಗ ಮುಖ ದಿಟ್ಟಿಸಿ, "ಏನೇ ಇದು, ಮುಖ ಹೀಗಾಗಿದೆ" ಎಂದು ಎಲ್ಲರೆದುರು ಕೇಳುತ್ತಿದ್ದರು. ಫೋಟೋಗೆ ಕರೆದರೆ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಿದ್ದೆ. ಔಷಧಿ ಅಂಗಡಿಯಲ್ಲಿ ಕುಳಿತವಳಿಗೆ ಕ್ರೀಮುಗಳಿಗೇನು ಕೊರತೆ? ಆದರೆ ಚರ್ಮರೋಗ ವೈದ್ಯರು ಮೊದಲು ಹೇಳಿದ್ದು ಸನ್‌ಸ್ಕ್ರೀನ್, ಅದೂ ಐರನ್ ಆಕ್ಸೈಡ್ ಸೇರಿದ ಬಣ್ಣದ ಸನ್‌ಸ್ಕ್ರೀನ್. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಶತ್ರು. ಅದಿಲ್ಲದಿದ್ದರೆ ನಾನು ಬರೆದುಕೊಡುವ ಯಾವ ಔಷಧವೂ ನಿಲ್ಲುವುದಿಲ್ಲ ಎಂದಿದ್ದರು. ಇವತ್ತು ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ಬಂಗು ಪೂರ್ತಿ ಹೋಗಿಲ್ಲ, ತಿಳಿಯಾಗಿದೆ. ಬೇಸಿಗೆಯಲ್ಲಿ ನಾಲ್ಕು ದಿನ ಉದಾಸೀನ ಮಾಡಿದರೆ ಮತ್ತೆ ಏಳುತ್ತದೆ. ಹಾಗಾಗಿ ಬಿಸಿಲಿನ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಬರಬೇಡಿ.

ಮಕ್ಕಳು ತಮ್ಮ ಮುಖವನ್ನು ತಾವು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದಾರೆ, ಅದರಲ್ಲಿ ತಪ್ಪೇನು ಎಂದು ಕೆಲವರು ಕೇಳುತ್ತೀರಿ. ಬಿಳಿಯಾಗಿಸುವ ಕ್ರೀಮ್ ಹಚ್ಚಿಕೊಂಡು ಬೆಳೆದ ನಮ್ಮ ತಲೆಮಾರಿಗಿಂತ ಇದು ವಾಸಿ ಎನ್ನುತ್ತೀರಿ. ಒಪ್ಪುತ್ತೇನೆ. ಆದರೆ ಗೃಹಪ್ರವೇಶಕ್ಕೆ ಮುಂಚೆ ಮುಖ ಇಳಿಸುವ ಟ್ಯೂಬ್ ಕೇಳಿದ ಆ ತಾಯಿಯ ಮನಸ್ಸಿನಲ್ಲಿದ್ದದ್ದು ಯಾವುದು? ಅವರು ಹೆಸರು ಹೇಳಿಯೇ ಕೇಳಿದರು. ಸ್ಟೀರಾಯ್ಡ್ ಸೇರಿದ ಟ್ಯೂಬ್ ಅದು. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಹಚ್ಚಿದ ಕೆಲವು ದಿನ ಮುಖ ಫಳಫಳ ಎನ್ನುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತದೆ, ಬಿಟ್ಟರೆ ಉರಿ, ಹಚ್ಚಿದರೆ ಹಾನಿ. ಗಾಜಿನಂಥ ಹೊಳಪಿನ ಆಸೆ ಮಕ್ಕಳನ್ನು ಕೊನೆಗೆ ತಂದು ನಿಲ್ಲಿಸುವುದು ಈ ಟ್ಯೂಬಿನ ಮುಂದೆ. ಇದನ್ನು ಪ್ರೀತಿ ಎಂದು ಕರೆಯಲು ನನ್ನಿಂದ ಆಗುವುದಿಲ್ಲ.

ಕೊರಿಯಾದ ನಟಿಯರನ್ನು ನೋಡಿ, ಅವರ ಚರ್ಮ ಹೇಗಿದೆ ಎನ್ನುವವರಿಗೆ: ಅಲ್ಲಿ ಚರ್ಮದ ಕ್ಲಿನಿಕ್ಕಿಗೆ ಹೋಗುವುದು ದಿನನಿತ್ಯದ ಮಾತು. ಸೋಲ್‌ನ ಗಂಗ್ನಮ್ ಭಾಗದಲ್ಲಿ ಬೀದಿಗಟ್ಟಲೆ ಕ್ಲಿನಿಕ್ಕುಗಳಿವೆ. ಲೇಸರ್ ಇದೆ, ಸಾಲ್ಮನ್ ಮೀನಿನ ಡಿಎನ್‌ಎಯಿಂದ ತಯಾರಿಸಿದ ಚುಚ್ಚುಮದ್ದಿದೆ. ಪರದೆಯ ಮೇಲಿನ ಹೊಳಪಿಗೆ ಇವೂ ಸೇರಿವೆ, ದೀಪವೂ ಸೇರಿದೆ. ಆ ಹೊಳಪಿನ ಒತ್ತಡ ತಡೆಯಲಾರದೆ 2018ರಲ್ಲಿ ಅಲ್ಲಿನ ಎಷ್ಟೋ ಯುವತಿಯರು ತಮ್ಮ ಲಿಪ್‌ಸ್ಟಿಕ್, ಪೌಡರುಗಳನ್ನು ಪುಡಿಮಾಡಿ, ಕೂದಲು ಕತ್ತರಿಸಿಕೊಂಡು ಚಿತ್ರ ಹಾಕಿದರು. ಆ ಚಳವಳಿ ನಮ್ಮ ವಿಡಿಯೋಗಳವರೆಗೆ ಬರಲೇ ಇಲ್ಲ.

ಹಾಗಾದರೆ ನಮ್ಮ ಅಜ್ಜಿಯ ಮನೆಮದ್ದೇ ಮೇಲು ಎಂದು ಹಿಗ್ಗುವವರೂ ಸ್ವಲ್ಪ ತಾಳಿ. ಕೊರಿಯಾದ ಕ್ರೀಮುಗಳ ಮೇಲೆ "ಸಿಕಾ", "ಸೆಂಟೆಲ್ಲಾ" ಎಂದು ಬರೆದಿರುತ್ತದಲ್ಲ, ಅದು ನಮ್ಮ ಒಂದೆಲಗ. ನಮ್ಮ ಹಿತ್ತಲಿನ ತೇವದಲ್ಲಿ ತಾನಾಗಿ ಹಬ್ಬುವ, ತಂಬುಳಿ ಮಾಡಿ ಅನ್ನಕ್ಕೆ ಕಲಸಿಕೊಳ್ಳುವ ಅದೇ ಒಂದೆಲಗ. ಓದಿದಾಗ ನನಗೂ ಹೆಮ್ಮೆಯಾಯಿತು. ಆದರೆ ಕೊರಿಯಾದವರು ಅದರಿಂದ ಮೇಡಕ್ಯಾಸೋಸೈಡ್‌ನಂಥ ಅಂಶಗಳನ್ನು ಬೇರ್ಪಡಿಸಿ, ಶುದ್ಧಗೊಳಿಸಿ ಕ್ರೀಮಿಗೆ ಸೇರಿಸುತ್ತಾರೆ. ಗಾಯದ ಮುಲಾಮಾಗಿ ದಶಕಗಳಿಂದ ಬಳಸುತ್ತಿದ್ದಾರೆ. ಎಲೆ ಅರೆದು ಉರಿಯುವ ಮುಖಕ್ಕೆ ಮೆತ್ತಿದರೆ ಆ ಫಲ ಸಿಗುವುದಿಲ್ಲ. ನಿಂಬೆರಸವಂತೂ ಬೇಡವೇ ಬೇಡ. ಹಚ್ಚಿಕೊಂಡು ಬಿಸಿಲಿಗೆ ಹೋದವರ ಮುಖದ ಮೇಲೆ ಸುಟ್ಟ ಗುರುತು ಬಿದ್ದದ್ದನ್ನು ಈ ಕೌಂಟರಿನಲ್ಲೇ ನೋಡಿದ್ದೇನೆ. ಅಜ್ಜಿಯರು ಮಾಡುತ್ತಿದ್ದ ಬುದ್ಧಿವಂತಿಕೆಯ ಕೆಲಸ ಬೇರೆ ಇತ್ತು, ಗದ್ದೆಗೆ ಹೋಗುವಾಗ ತಲೆಗೆ ಸೆರಗು ಹೊದ್ದು, ಮೇಲೆ ಅಡಿಕೆ ಹಾಳೆಯ ಟೋಪಿ ಇಡುತ್ತಿದ್ದರು. ಅದು ಯಾರಿಗೂ ನೆನಪಿಲ್ಲ.

ಸನ್‌ಸ್ಕ್ರೀನ್ ಹಚ್ಚಿದರೆ ವಿಟಮಿನ್ ಡಿ ಸಿಗುವುದಿಲ್ಲ ಎಂದು ಯಾರೂ ಇಲ್ಲಿ ಬರೆಯಬೇಡಿ. ಮುಖ ಎಷ್ಟಗಲವಿದೆ? ಕೈಕಾಲುಗಳಿಲ್ಲವೇ?

ಆ ಹುಡುಗಿಗೆ ಟ್ಯೂಬ್ ಕೊಡಲಿಲ್ಲ. ತಾಯಿಗೆ ಬೇಸರವಾಯಿತು, ಆಗಲಿ. ಸದ್ಯಕ್ಕೆ ಎಲ್ಲ ಬಾಟಲಿ ಮುಚ್ಚಿಡು, ಸುವಾಸನೆ ಇಲ್ಲದ ಸೌಮ್ಯ ಫೇಸ್‌ವಾಶ್, ಒಂದು ಸಾದಾ ಮಾಯಿಶ್ಚರೈಸರ್, ಬೆಳಿಗ್ಗೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಇಷ್ಟೇ ಎಂದೆ. ಸೋಮವಾರ ಚರ್ಮರೋಗ ವೈದ್ಯರಲ್ಲಿಗೆ ಹೋಗಲೇಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಮೊಡವೆ ಕಾಯಿಲೆ, ಅದಕ್ಕೆ ಔಷಧವಿದೆ, ಹಾರ್ಮೋನಿನ ಪ್ರಾಯದಲ್ಲಿ ಬಂದದ್ದು ಎಸೆನ್ಸಿನಿಂದ ಹೋಗುವುದಿಲ್ಲ ಎಂದೂ ಹೇಳಿದೆ. ಆಗ ಆ ಮಗು, "ಹಾಗಾದರೆ ನನ್ನ ಚರ್ಮ ಕೊಳಕಾಗಿಲ್ಲವಾ ಆಂಟಿ" ಎಂದು ಕೇಳಿತು. ನನ್ನ ಕಣ್ಣು ತುಂಬಿ ಬಂತು. ಇಷ್ಟು ದಿನ ಕೊಳಕು ಎಂದುಕೊಂಡು ದಿನಕ್ಕೆ ಎಷ್ಟೆಷ್ಟು ಸಲ ತೊಳೆದಿದೆಯೋ.

ಇನ್‌ಬಾಕ್ಸಿನಲ್ಲಿ ಯಾವ ಕಂಪನಿಯದು ಎಂದು ಕೇಳುವವರಿಗೆ ಇಲ್ಲೇ ಉತ್ತರ. ನಮ್ಮ ದೇಶದ್ದೇ ಸಾಕು. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ, ಪಿಎ ಪಕ್ಕದಲ್ಲಿ ಮೂರು ಪ್ಲಸ್ ಆದರೂ ಇರಲಿ. ಬೂದಿ ಬಣ್ಣ ಬರುತ್ತದೆ ಎನ್ನುವವರಿಗೆ ಜೆಲ್ ಇದೆ, ಬಣ್ಣದ್ದಿದೆ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿಕೊಳ್ಳಿ, ಮುಖ ಮತ್ತು ಕತ್ತಿಗೆ ಅಷ್ಟು ಬೇಕು. ಕಾಳಿನಷ್ಟು ಹಚ್ಚಿದರೆ ಟ್ಯೂಬಿನ ಮೇಲಿನ ಅಂಕಿಗೆ ಬೆಲೆಯಿಲ್ಲ. ಈ ಲೆಕ್ಕದಲ್ಲಿ ಹಚ್ಚಿದರೆ ಐವತ್ತು ಗ್ರಾಮಿನ ಟ್ಯೂಬ್ ಸುಮಾರು ಒಂದೂವರೆ ತಿಂಗಳಿಗೆ ಮುಗಿಯಬೇಕು. ಆರು ತಿಂಗಳು ಬಂತು ಎಂದರೆ ಹಚ್ಚುತ್ತಿಲ್ಲ ಎಂದೇ ಅರ್ಥ. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಟ್ಯೂಬ್ ಬಿಟ್ಟು ಹೋಗಬೇಡಿ. ಗಂಡುಮಕ್ಕಳಿಗೂ ಹಚ್ಚಿಸಿ. ಹಗಲೆಲ್ಲ ಬೈಕಿನ ಮೇಲಿರುವವರು, ಭಾನುವಾರ ಪೂರ್ತಿ ಕ್ರಿಕೆಟ್ ಆಡುವವರು ಅವರು, ಕಿವಿಯ ಮೇಲೂ ಕತ್ತಿನ ಹಿಂದೆಯೂ ಮರೆಯದಿರಲಿ.