ಕನಲೆಟ್ಟೊ ಬರೆದ ವೆನಿಸ್: ದೊಡ್ಡ ಕಲೆಯೋ, ಗಿರಾಕಿಗೆ ಹೊಂದಿಸಿದ ಮಾಲೋ?

ಚಿತ್ರಗಾರ ಕನಲೆಟ್ಟೊನ ಪೂರ್ತಿ ಹೆಸರು ಜೊವಾನಿ ಅಂತೋನಿಯೊ ಕನಾಲ್. 1697ರಲ್ಲಿ ವೆನಿಸ್‌ನಲ್ಲಿ ಹುಟ್ಟಿ, 1768ರಲ್ಲಿ ಅಲ್ಲೇ ತೀರಿಕೊಂಡವನು. ಅಪ್ಪ ನಾಟಕದ ಪರದೆ ಬರೆಯುವ ಚಿತ್ರಗಾರ. ಮಗನೂ ಮೊದಲು ಅದೇ ಕೆಲಸಕ್ಕೆ ಇಳಿದ. ಕನಲೆಟ್ಟೊ ಅಂದರೆ 'ಚಿಕ್ಕ ಕನಾಲ್'. ಅವನು ಬರೆದ ವೆನಿಸ್ ಚಿತ್ರಗಳನ್ನು ಕೊಂಡಾಡುವವರೂ ಇದ್ದಾರೆ, ಅಂಗಡಿ ಮಾಲು ಅಂತ ತಳ್ಳಿಹಾಕುವವರೂ ಇದ್ದಾರೆ. ಎರಡೂ ಕಡೆಯ ಮಾತು ನನಗೆ ನಾಟಿದೆ. ಅದಕ್ಕೇ ಎರಡನ್ನೂ ಬರೆಯುತ್ತಿದ್ದೇನೆ. ಕೊನೆಗೆ ಯಾವ ಕಡೆ ವಾಲುತ್ತೇನೆ ಅನ್ನೋದನ್ನು ಮುಚ್ಚಿಡುವುದಿಲ್ಲ.

ಪರ: ಇದು ದೊಡ್ಡ ಕಲೆಯೇ

ಮೊದಲು ಒಂದು ಚಿತ್ರ ನೋಡೋಣ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ 'ಕಲ್ಲುಕುಟಿಗರ ಅಂಗಳ'. ಸುಮಾರು 1725ರದ್ದು. ಮುಂದುಗಡೆ ಬಿಳಿ ಕಲ್ಲುಗಳು ಚೆಲ್ಲಾಪಿಲ್ಲಿ ಬಿದ್ದಿವೆ. ಕೆಲಸಗಾರರು ಬಗ್ಗಿ ಕಲ್ಲು ಕೆತ್ತುತ್ತಿದ್ದಾರೆ. ಎಡಗಡೆ ಪುಟ್ಟ ಮಗುವೊಂದು ಬಿದ್ದು, ಗಾಬರಿಗೆ ಉಚ್ಚೆ ಹೊಯ್ದುಕೊಂಡಿದೆ. ತಾಯಿ ಕೈ ಚಾಚಿಕೊಂಡು ಓಡಿ ಬರುತ್ತಿದ್ದಾಳೆ. ಮೇಲಿನ ಬಾಲ್ಕನಿಯಲ್ಲಿ ಒಬ್ಬಳು ನೂಲು ತೆಗೆಯುತ್ತಿದ್ದಾಳೆ. ಕಿಟಕಿ ಕಟ್ಟೆಯ ಮೇಲೆ ಹುಂಜ ಕೂಗುತ್ತಿದೆ. ಕಾಲುವೆಯ ಆಚೆ ಕಾರಿತಾ ಚರ್ಚು, ಅದರ ಗಂಟೆ ಗೋಪುರ. ಆ ಗೋಪುರ 1744ರಲ್ಲಿ ಕುಸಿದು ಬಿತ್ತು. ಈಗ ನೋಡಬೇಕು ಅಂದರೆ ಇಂಥ ಚಿತ್ರದಲ್ಲೇ ನೋಡಬೇಕು.

ಅವನ ಮೇಲಿರುವ ಹಳೆಯ ದೂರು ಒಂದೇ: ಎದುರಿಗೆ ಇದ್ದದ್ದನ್ನು ನಕಲು ಮಾಡಿದ, ಅಷ್ಟೇ. ಅದಕ್ಕೆ ಸಾಕ್ಷಿಯಾಗಿ ಕ್ಯಾಮೆರಾ ಅಬ್ಸ್ಕ್ಯೂರಾ ತೋರಿಸುತ್ತಾರೆ. ಅದು ಒಂದು ಕತ್ತಲೆ ಪೆಟ್ಟಿಗೆ. ಲೆನ್ಸಿನಿಂದ ಹೊರಗಿನ ನೋಟ ಒಳಗೆ ಬೀಳುತ್ತೆ, ಅದರ ಮೇಲೆ ಗೆರೆ ಎಳೆದುಕೊಂಡರಾಯಿತು. ವೆನಿಸ್‌ನ ಕೊರೆರ್ ಮ್ಯೂಸಿಯಂನಲ್ಲಿ 'ಎ. ಕನಾಲ್' ಅಂತ ಹೆಸರಿರುವ ಅಂಥ ಪೆಟ್ಟಿಗೆಯೇ ಇದೆ.

ಆದರೆ ಚಿತ್ರವನ್ನು ಜಾಗದ ಜೊತೆ ಇಟ್ಟು ನೋಡಿದರೆ ಈ ವಾದ ನಿಲ್ಲೋದಿಲ್ಲ. ಅವನು ಕಟ್ಟಡಗಳನ್ನು ಆಚೀಚೆ ಸರಿಸಿದ್ದಾನೆ. ಕಾಲುವೆಯನ್ನು ಅಗಲ ಮಾಡಿದ್ದಾನೆ. ಎರಡು ಕಡೆ ನಿಂತು ಕಂಡದ್ದನ್ನು ಒಂದೇ ಚಿತ್ರದೊಳಗೆ ತಂದಿದ್ದಾನೆ. 1743ರ ಒಂದು ಚಿತ್ರದಲ್ಲಂತೂ ಸಾನ್ ಮಾರ್ಕೊ ಚರ್ಚಿನ ಮೇಲಿದ್ದ ಕಂಚಿನ ಕುದುರೆಗಳನ್ನು ಕೆಳಗಿಳಿಸಿ, ಚೌಕದಲ್ಲಿ ಪೀಠ ಕಟ್ಟಿ ನಿಲ್ಲಿಸಿದ್ದಾನೆ. ವೆನಿಸ್‌ನ ರಿಯಾಲ್ಟೊ ಸೇತುವೆಗೆ ಅಂತ ಪಲ್ಲಾಡಿಯೊ ಎಂಬ ಹಳೆಯ ವಾಸ್ತುಶಿಲ್ಪಿ ಯೋಚಿಸಿದ್ದ, ಯಾರೂ ಕಟ್ಟದೇ ಬಿಟ್ಟ ವಿನ್ಯಾಸವನ್ನೂ ಬರೆದಿದ್ದಾನೆ. ಯಾವ ಪೆಟ್ಟಿಗೆ ಇದನ್ನು ತೋರಿಸೀತು? ಪರದೆ ಬರೆದು ಬೆಳೆದವನಿಗೆ ನೋಡುವವರ ಕಣ್ಣನ್ನು ಎಲ್ಲಿಗೆ ಕರೆದೊಯ್ಯಬೇಕು ಅಂತ ಗೊತ್ತಿತ್ತು.

ಹೀಗೆ ಊರನ್ನೇ ಸರಿಸಿದವನು ಒಂದು ಗೆರೆಯನ್ನು ಮಾತ್ರ ಸರಿಸಲಿಲ್ಲ. ಕಾಲುವೆ ಪಕ್ಕದ ಗೋಡೆಗಳಲ್ಲಿ, ಉಬ್ಬರದ ನೀರು ಮುಟ್ಟುವವರೆಗೆ, ಹಸಿರು ಪಾಚಿ ಹಿಡಿದಿರುತ್ತೆ. ಆ ಪಾಚಿಯ ಅಂಚನ್ನು ಅವನು ಎಷ್ಟು ನಿಖರವಾಗಿ ಬರೆದ ಅಂದರೆ, 2003ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಮತ್ತು ಅವನ ಸೋದರಳಿಯ ಬೆಲ್ಲೊಟ್ಟೊನ ಚಿತ್ರಗಳನ್ನು ಇಂದಿನ ಗೋಡೆಗಳಿಗೆ ಹೋಲಿಸಿ, ಅಂದಿನಿಂದ ವೆನಿಸ್ ಸುಮಾರು 60 ಸೆಂಟಿಮೀಟರ್ ಮುಳುಗಿದೆ ಅಂತ ಲೆಕ್ಕ ಹಾಕಿದರು. ಚಿತ್ರ ಕೊಂಡವರು ಯಾರೂ ಪಾಚಿಗೆ ಅಂತ ದುಡ್ಡು ಕೊಟ್ಟಿರಲಿಲ್ಲ. ಅದು ಅವನ ಕಣ್ಣಿನ ಶಿಸ್ತು. ಎಲ್ಲಿ ಬದಲಿಸಬೇಕು, ಎಲ್ಲಿ ಕೈ ಹಾಕಬಾರದು ಅಂತ ತಿಳಿದವನನ್ನು ನಕಲುಗಾರ ಅನ್ನೋದು ಹೇಗೆ?

ವಿರೋಧ: ಗಿರಾಕಿ ಕೇಳಿದ್ದನ್ನು ಕೊಟ್ಟ

'ಕಲ್ಲುಕುಟಿಗರ ಅಂಗಳ' ದೊಡ್ಡ ಚಿತ್ರ, ಎರಡು ಮಾತಿಲ್ಲ. ಅದನ್ನೇ ಹಿಡಿದು ಕೇಳುತ್ತೇನೆ: ಆ ಮಗು ಆಮೇಲೆ ಎಲ್ಲಿ ಹೋಯಿತು?

1730ರ ಹೊತ್ತಿಗೆ ಜೋಸೆಫ್ ಸ್ಮಿತ್ ಎಂಬ ಇಂಗ್ಲಿಷ್ ವ್ಯಾಪಾರಿ ಅವನ ಚಿತ್ರಗಳನ್ನು ಕೊಳ್ಳುತ್ತಿದ್ದ, ಇಂಗ್ಲೆಂಡಿನ ಸಿರಿವಂತರಿಗೆ ಕೊಡಿಸುತ್ತಿದ್ದ. ಯುರೋಪ್ ಸುತ್ತಲು ಬಂದ ಶ್ರೀಮಂತ ಹುಡುಗರಿಗೆ ಮನೆಗೆ ಒಯ್ಯಲು ವೆನಿಸ್ ಬೇಕಿತ್ತು. ಬೆಡ್‌ಫೋರ್ಡ್ ಡ್ಯೂಕ್ ಒಬ್ಬನಿಗೇ 24 ಚಿತ್ರ ಹೋದವು. ಅಲ್ಲಿಂದ ಆಕಾಶ ತಿಳಿಯಾಯಿತು. ಮೊದಮೊದಲ ಚಿತ್ರಗಳ ಕಪ್ಪು ಮೋಡ, ಒದ್ದೆ ಗೋಡೆ, ಹರಕು ಬಟ್ಟೆ ಕಡಿಮೆಯಾದವು. ಜಾಸ್ತಿಯಾಗಿದ್ದು ಬಿಸಿಲು, ದೋಣಿ ಪಂದ್ಯ, ಬಂಗಾರ ಬಳಿದ ಸರ್ಕಾರಿ ಹಡಗು.

ನೀರನ್ನು ಹತ್ತಿರದಿಂದ ನೋಡಿ. ನಂತರದ ಚಿತ್ರಗಳಲ್ಲಿ ಅಲೆ ಅಂದರೆ ಸಣ್ಣ ಸಣ್ಣ ಬಿಳಿ ಕೊಂಕು ಗೆರೆಗಳು, ಸಾಲಾಗಿ, ರಂಗೋಲಿ ಎಳೆ ಹಾಕಿದ ಹಾಗೆ. ಗಾಳಿ ಎಲ್ಲಿಂದ ಬರಲಿ, ಹೊತ್ತು ಯಾವುದಿರಲಿ, ಅದೇ ಕೊಂಕು. ಜನರೂ ಅಷ್ಟೇ: ಒಂದು ಬಣ್ಣದ ಚುಕ್ಕೆ, ಒಂದು ಬಾಗಿದ ಗೆರೆ, ಮುಗೀತು. ಕೈ ಪಳಗಿದೆ ನಿಜ. ಆದರೆ ಕೈ ಓಡುತ್ತಿರುವಾಗ ಕಣ್ಣು ಬೇರೆಲ್ಲೋ ಇದೆ. ಅವನಿಗಿಂತ ಕಿರಿಯ ಫ್ರಾಂಚೆಸ್ಕೊ ಗ್ವಾರ್ದಿಯ ವೆನಿಸ್ ಪಕ್ಕದಲ್ಲಿಟ್ಟು ನೋಡಿ. ಗೆರೆ ಅಷ್ಟು ಅಚ್ಚುಕಟ್ಟಲ್ಲ, ಆದರೆ ನೀರು ನಡುಗುತ್ತೆ, ಊರು ಕರಗುತ್ತಿರುವಂತೆ ಕಾಣುತ್ತೆ. ಆಗ ಸ್ವತಂತ್ರವಾಗಿದ್ದ ವೆನಿಸ್ ಗಣರಾಜ್ಯ ನಿಜವಾಗಿಯೂ ಕೊನೆಗಾಲದಲ್ಲಿತ್ತು, 1797ರಲ್ಲಿ ನೆಪೋಲಿಯನ್ ಮುಂದೆ ಮುಗಿದೇಹೋಯಿತು. ಕನಲೆಟ್ಟೊ ಚಿತ್ರದಲ್ಲಿ ಆ ಆತಂಕದ ಸುಳಿವೂ ಇಲ್ಲ.

ಆಸ್ಟ್ರಿಯಾದ ಪಟ್ಟ ಯಾರಿಗೆ ಅಂತ ಯುರೋಪಿನಲ್ಲಿ ನಡೆದ ಯುದ್ಧದಿಂದ ಪ್ರವಾಸಿಗರು ಬರೋದು ಕಡಿಮೆಯಾದಾಗ, 1746ರಲ್ಲಿ, ಗಿರಾಕಿಗಳ ಊರಾದ ಲಂಡನ್ನಿಗೇ ಹೋದ. ಸುಮಾರು ಒಂಬತ್ತು ವರ್ಷ ಅಲ್ಲಿದ್ದ. ಥೇಮ್ಸ್ ನದಿಗೂ ಎಷ್ಟೋ ಸಲ ವೆನಿಸ್‌ನ ಬಿಸಿಲನ್ನೇ ಬಳಿದ. ಈತ ಅಸಲಿ ಕನಲೆಟ್ಟೊ ಅಲ್ಲವೇ ಅಲ್ಲ ಅಂತ ಅಲ್ಲಿ ಗುಸುಗುಸು ಎದ್ದಿತು. ಬಂದು ನನ್ನ ಕೆಲಸ ನೋಡಿ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕಾಯಿತು. ಓದುವಾಗ ಹೊಟ್ಟೆ ಚುರುಕ್ ಅನ್ನುತ್ತೆ. ಅವನ ಕೈಯನ್ನು ಬೇರೆಯವರ ಕೈ ಅಂದುಕೊಳ್ಳುವಷ್ಟು ಅದು ಯಂತ್ರದಂತಾಗಿತ್ತು ಅಂತಲೇ ನನ್ನ ಎಣಿಕೆ.

ಅವನಿಗೆ ಕಣ್ಣಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಇತ್ತು, ಅದೇ ನನ್ನ ಸಂಕಟ. ನಾನು ವಾಲುವುದೂ ಅದಕ್ಕೇ ಈ ಕಡೆಗೆ. 1766ರಲ್ಲಿ ಅವನು ಸಾನ್ ಮಾರ್ಕೊ ಚರ್ಚಿನ ಒಳಗನ್ನು ಶಾಯಿಯಲ್ಲಿ ಬರೆದ. ಎತ್ತರದ ಕಟ್ಟೆಯಲ್ಲಿ ಹಾಡುಗಾರರು ಒತ್ತೊತ್ತಾಗಿ ನಿಂತಿದ್ದಾರೆ, ಕೆಳಗೆ ಸಾಮಾನ್ಯ ಜನ. ಬಿಸಿಲಿಲ್ಲ, ಹಬ್ಬದ ಹಡಗಿಲ್ಲ. ಮೂಲೆಯಲ್ಲಿ ಅವನೇ ಬರೆದುಕೊಂಡಿದ್ದಾನೆ: ವಯಸ್ಸು 68, ಕನ್ನಡಕ ಹಾಕದೆ ಬರೆದದ್ದು.