ಹೊಟ್ಟೆ ಸೀಳದ ಧ

ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಮದುವೆಯ ಹೇಳಿಕೆ ಕಾಗದ ಬಂತು. ದಪ್ಪ ಹಾಳೆ, ಚಿನ್ನದ ಬಣ್ಣದ ಅಕ್ಷರ. ಓದಿದರೆ ವರ ಇದ್ದಾನೆ, ವಧು ಇಲ್ಲ, ‘ವದು’ ಇದ್ದಾಳೆ. ಕಾಗುಣಿತ ತಪ್ಪಿದ್ದಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ, ಧದ ಹೊಟ್ಟೆ ಸೀಳುವ ಗೆರೆ ಕೂದಲೆಳೆಯ ಹಾಗೆ ಒತ್ತಿದ್ದು ಕಾಣುತ್ತದೆ. ಚಿನ್ನ ಮಾತ್ರ ಅಲ್ಲಿಗೆ ಹತ್ತಿಲ್ಲ.

ಕಾರಣ ಪಕ್ಕದಲ್ಲೇ ಇತ್ತು. ಹುಡುಗ-ಹುಡುಗಿಯ ಹೆಸರು ಇಂಗ್ಲಿಷಿನಲ್ಲಿ, ಬೊಡೋನಿ ಅಕ್ಷರದಲ್ಲಿ. ಕಂಬ ದಪ್ಪ, ಅಡ್ಡಗೆರೆ ಇದೆಯೋ ಇಲ್ಲವೋ. ಕನ್ನಡವೂ ಅದಕ್ಕೆ ಮ್ಯಾಚ್ ಆಗಬೇಕಂತೆ.

ಆ ಅಕ್ಷರ ಕೊರೆದ ಬೊಡೋನಿಯ ಮೇಲೆ ನನಗೆ ಸಿಟ್ಟಿಲ್ಲ. ಇಟಲಿಯ ಪಾರ್ಮದ ಡ್ಯೂಕ್ 1768ರಲ್ಲಿ ಅವನನ್ನು ತನ್ನ ಅಚ್ಚುಕೂಟಕ್ಕೆ ಕರೆಸಿಕೊಂಡ. ಇಂಗ್ಲೆಂಡಿನ ಮುದ್ರಕ ಬಾಸ್ಕರ್‌ವಿಲ್ 1757ರಲ್ಲೇ ನುಣುಪು ಕಾಗದದಲ್ಲಿ ವರ್ಜಿಲನ ಕಾವ್ಯ ಅಚ್ಚು ಹಾಕಿ ದಾರಿ ತೋರಿಸಿದ್ದ. ಒರಟು ಕಾಗದದಲ್ಲಿ ತೆಳು ಗೆರೆ ನಿಲ್ಲುವುದಿಲ್ಲ ಅಲ್ವಾ? ಪ್ಯಾರಿಸಿನಲ್ಲಿ ಅಚ್ಚಿನ ಕೆಲಸದ ಡಿಡೋ ಮನೆತನಕ್ಕೂ ಇದೇ ಹುಚ್ಚು. ಬೊಡೋನಿ ಬದುಕಿಡೀ ಅಕ್ಷರ ಕೊರೆದ, 1813ರಲ್ಲಿ ತೀರಿಕೊಂಡ. ಅಕ್ಷರಗಳ ಮಾದರಿ ಪುಸ್ತಕ ಮುಗಿದಿರಲಿಲ್ಲ. ಹೆಂಡತಿ ಮಾರ್ಗರಿಟಾ ಪಟ್ಟು ಬಿಡದೆ 1818ರಲ್ಲಿ ಎರಡು ಸಂಪುಟ ಹೊರತಂದಳು. ಗಂಡಸರ ಕತೆ ಹೀಗೇ, ಕೆಲಸ ಅರ್ಧಕ್ಕೆ ಬಿಟ್ಟು ಹೋಗುವುದು, ಹೆಸರು ಪೂರ್ತಿ ತೆಗೆದುಕೊಳ್ಳುವುದು. ಇವತ್ತು ಕಂಪ್ಯೂಟರಿನ ಫಾಂಟ್ ಪಟ್ಟಿಯಲ್ಲಿ ಬೊಡೋನಿ ಇದ್ದಾನೆ. ಮಾರ್ಗರಿಟಾ ಎಂದು ಹುಡುಕಿದರೆ ಪಿಜ್ಜಾ ಸಿಗುತ್ತದೆ.

ಚಂದ ಇದೆ, ಇಲ್ಲ ಅನ್ನುವುದಿಲ್ಲ. ವೋಗ್ ಎಂಬ ಫ್ಯಾಷನ್ ಪತ್ರಿಕೆಯ ಮುಖಪುಟದಲ್ಲಿ ಡಿಡೋ ಅಕ್ಷರ ನೋಡಬೇಕು. ಆದರೆ ಅಲ್ಲಿ ಓದಬೇಕಾದದ್ದು ಒಂದೇ ಪದ, ಅದೂ ಹಾಳೆಯ ಅಗಲಕ್ಕೆ. ನಮ್ಮಲ್ಲಿ ‘ಮಧ್ಯಾಹ್ನ ಭೋಜನ’ ಅನ್ನುವಷ್ಟರಲ್ಲಿ ಎರಡು ಹೊಟ್ಟೆ ಸೀಳಬೇಕು. ಮೇಲಾಗಿ ಕನ್ನಡಕ್ಕೆ ಕಂಬ ಎಲ್ಲಿದೆ? ಎಲ್ಲ ಸುತ್ತು. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಅಕ್ಷರ ಅಕ್ಷರಕ್ಕೂ ಕೂತು ಯೋಚಿಸಬೇಕು. ನೋಟೋ ಸೆರಿಫ್ ಕನ್ನಡ ಎಂಬ ಫಾಂಟ್ ಮಾಡಿದವರು ಯೋಚಿಸಿದ್ದಾರೆ. ದಪ್ಪ-ತೆಳು ಇದ್ದೂ ಓದಲಿಕ್ಕಾಗುತ್ತದೆ. ಈ ಕಾಗದದ ಅಕ್ಷರ ಮಾಡಿದವರು ಸುಮ್ನೆ ಗೆರೆ ಸಣಕಲು ಮಾಡಿ ಕೈ ತೊಳೆದುಕೊಂಡಿದ್ದಾರೆ.

ಹುಡುಗಿಯ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. “ವಾಟ್ಸಾಪಿನಲ್ಲೂ ಕಳಿಸಿದ್ದೇನಲ್ಲ ಭಾವ, ಅದರಲ್ಲಿ ದೊಡ್ಡದು ಮಾಡಿ ನೋಡಿ” ಅಂದ.

ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಬಸ್ಸಿನ ಬೋರ್ಡು ಹೆಚ್ಚಾಗಿ ಮಲಯಾಳ. ದಾರಿಯಲ್ಲಿ ಕಣ್ಣಿಗೆ ಬೀಳುವ ಕನ್ನಡವೇ ಕಡಿಮೆ. ಮನೆಗೆ ಬಂದದ್ದನ್ನೂ ಹೀಗೆ ಸವೆಸಿದರೆ ಸಿಟ್ಟು ಬಾರದೇ ಇರುತ್ತದಾ? ಈ ವಿಷಯದಲ್ಲಿ ಯಕ್ಷಗಾನದ ನೋಟೀಸಿನವರು ವಾಸಿ. ಒಂದೇ ಹಾಳೆಯಲ್ಲಿ ನಾಲ್ಕಾರು ಬಗೆಯ ಅಕ್ಷರ, ಕೆಂಪು, ಹಸಿರು, ಎಲ್ಲವೂ ದಪ್ಪ. ಬೊಡೋನಿ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ. ಮದುವೆಯ ದಿನ ರಾತ್ರಿ ಅಲ್ಲೇ ಹತ್ತಿರ ಒಂದು ಆಟ ಇದೆ. ಪ್ರಸಂಗ, ಜಾಗ, ಗಂಟೆ ಎಲ್ಲ ಓಡುವ ಬಸ್ಸಿನಿಂದಲೇ ಓದಿಕೊಂಡೆ.