ನನ್ನ ಕನಸಿಗೆ ನಾನೇ ವ್ಯಾಖ್ಯಾನಕಾರ

ಪರರ ಕನಸಿಗೆ ಅರ್ಥ ಹೇಳುವವರಿಗೆ ಒಂದು ದೊಡ್ಡ ಅನುಕೂಲವಿದೆ: ಹೇಳಿದ ಅರ್ಥ ಹುಸಿಯಾದರೆ, ಕಂಡವರು ಕನಸನ್ನು ಸರಿಯಾಗಿ ವಿವರಿಸಲಿಲ್ಲವೆಂದು ಜಾರಿಕೊಳ್ಳಬಹುದು. ತನ್ನ ಕನಸಿಗೆ ತಾನೇ ಅರ್ಥ ಬರೆಯಲು ಹೊರಟವನಿಗೆ ಆ ದಾರಿಯೂ ಮುಚ್ಚಿದೆ. ಸಾಕ್ಷಿಯೂ ಅವನೇ, ವಕೀಲನೂ ಅವನೇ, ತೀರ್ಪು ಬರೆಯುವವನೂ ಅವನೇ. ಆದ್ದರಿಂದಲೋ ಏನೋ, ನನ್ನ ಪ್ರಕರಣಗಳಲ್ಲಿ ತೀರ್ಪು ಬಹುಮಟ್ಟಿಗೆ ನನ್ನ ಕಡೆಗೇ ವಾಲಿರುತ್ತದೆ.

ಅರ್ಥ ಹೇಳುವುದಕ್ಕೆ ಮೊದಲು ಕನಸು ನೆನಪಿನಲ್ಲಿ ಉಳಿಯಬೇಕಲ್ಲ, ತೊಡಕು ಆರಂಭವಾಗುವುದೇ ಅಲ್ಲಿ. ನಿದ್ರೆಯ ನಡುವೆ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯೊಳಗೆ ವೇಗವಾಗಿ ಚಲಿಸುವ ಒಂದು ಹಂತವಿದೆಯೆಂದೂ, ಆಗ ಎಬ್ಬಿಸಿದವರು ಹೆಚ್ಚಾಗಿ ಕನಸನ್ನು ವರ್ಣಿಸುತ್ತಾರೆಂದೂ 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ತೋರಿಸಿಕೊಟ್ಟರು. ಸುಮಾರು 90 ನಿಮಿಷಗಳಿಗೊಮ್ಮೆ ಮರುಕಳಿಸುವ ಈ ಹಂತವು ಬೆಳಗಿನ ಜಾವದ ಹೊತ್ತಿಗೆ ಹೆಚ್ಚು ದೀರ್ಘವಾಗುತ್ತದೆ. ಅಂದರೆ ರಾತ್ರಿಯ ಅತ್ಯಂತ ಸುದೀರ್ಘವಾದ, ಪಾತ್ರಗಳಿಂದ ತುಂಬಿದ ಕನಸು ತನ್ನ ರಹಸ್ಯವನ್ನು ಬಿಚ್ಚಿಡಲು ಬಾಯಿ ತೆರೆಯುವ ಸಮಯಕ್ಕೇ ಅಲಾರಂ ಹೊಡೆದುಕೊಳ್ಳುತ್ತದೆ. ನಿದ್ರೆಯನ್ನು ಸೃಷ್ಟಿಸಿದವರೂ ಕಚೇರಿಯ ವೇಳೆಯನ್ನು ನಿಗದಿಪಡಿಸಿದವರೂ ಒಮ್ಮೆಯಾದರೂ ಕೂಡಿ ಮಾತನಾಡಬೇಕಿತ್ತು.

ಈ ನಷ್ಟವನ್ನು ತಡೆಯಲು ದಿಂಬಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಒಂದು ಬೆಳಿಗ್ಗೆ ಅದರಲ್ಲಿ, ಸಾಲುಗಳ ಹಂಗಿಲ್ಲದೆ ಓರೆಯಾಗಿ, ‘ಏಣಿಗೆ ಹೇಳಬೇಡ’ ಎಂದು ಬರೆದಿತ್ತು. ಅದರ ಕೆಳಗೆ ಹಾಳೆ ಹರಿಯುವಷ್ಟು ಒತ್ತಿ ಗೆರೆ ಎಳೆದಿತ್ತು. ಬರೆದವನು ನಾನೇ ಎಂಬುದರಲ್ಲಿ ಸಂಶಯವಿರಲಿಲ್ಲ, ಏಕೆಂದರೆ ಅಷ್ಟು ಕೆಟ್ಟ ಕೈಬರಹ ಮನೆಯಲ್ಲಿ ಬೇರಾರಿಗೂ ಇಲ್ಲ. ಆದರೆ ಏಣಿಗೆ ಹೇಳಬಾರದ್ದು ಏನು? ಏಣಿಯೆಂದರೆ ಏರಿಕೆ, ಏರಿಕೆಯೆಂದರೆ ಬಡ್ತಿ, ಆದ್ದರಿಂದ ಬರಲಿರುವ ಬಡ್ತಿಯ ವಿಷಯವನ್ನು ಗುಟ್ಟಾಗಿಡಬೇಕೆಂದು ನಿರ್ಣಯಿಸಿದೆ. ಬಡ್ತಿಯ ಪ್ರಸ್ತಾಪವನ್ನು ಯಾರೂ ಎತ್ತಿರಲಿಲ್ಲವಾದ್ದರಿಂದ ಗುಟ್ಟನ್ನು ಕಾಪಾಡುವುದು ಕಷ್ಟವಾಗಲಿಲ್ಲ.

ಇಂಥ ಬರಹಕ್ಕೆ ಘನವಾದ ಪೂರ್ವನಿದರ್ಶನವಿದೆ. ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದು ಹೊಳೆದಾಗ ಔಷಧವಿಜ್ಞಾನಿ ಆಟೊ ಲೋವಿ ನಿದ್ದೆಗಣ್ಣಿನಲ್ಲೇ ಅದನ್ನು ಗೀಚಿಟ್ಟು ಮಲಗಿದರು. ಬೆಳಿಗ್ಗೆ ಆ ಗೀಚನ್ನು ಓದಲು ಅವರಿಗೇ ಆಗಲಿಲ್ಲ. ಮರುರಾತ್ರಿ ಅದೇ ವಿಚಾರ ಮತ್ತೆ ಬಂದಾಗ ಅವರು ಕಾಗದವನ್ನು ನಂಬದೆ ನೇರವಾಗಿ ಪ್ರಯೋಗಾಲಯಕ್ಕೆ ನಡೆದು, ಎರಡು ಕಪ್ಪೆಗಳ ಹೃದಯಗಳ ಮೇಲೆ ಪ್ರಯೋಗ ನಡೆಸಿ, ನರಗಳು ರಾಸಾಯನಿಕದ ಮೂಲಕ ಸಂದೇಶ ಕಳುಹಿಸುತ್ತವೆಂದು ತೋರಿಸಿದರು. 1936ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ನಾನೂ ಮರುರಾತ್ರಿ ಆಶೆಯಿಂದ ಬೇಗ ಮಲಗಿದೆ. ಕನಸೇನೋ ಬಂತು, ಆದರೆ ಅದರಲ್ಲಿ ಏಣಿ ಇರಲಿಲ್ಲ. ಒಂದು ಎಮ್ಮೆ ನನ್ನ ಗುರುತಿನ ಚೀಟಿ ಕೇಳುತ್ತಿತ್ತು.

ಹಲ್ಲು ಉದುರುವ ಕನಸಿನ ವಿಷಯದಲ್ಲಿ ನಾನು ಇನ್ನೂ ಹೆಚ್ಚು ಶಾಸ್ತ್ರೀಯವಾಗಿ ನಡೆದುಕೊಂಡೆ. ಎರಡನೆಯ ಶತಮಾನದ ಗ್ರೀಕ್ ಸ್ವಪ್ನಶಾಸ್ತ್ರಜ್ಞ ಆರ್ಟೆಮಿಡೋರಸ್ ಐದು ಸಂಪುಟಗಳಷ್ಟು ಕನಸುಗಳಿಗೆ ಅರ್ಥ ಬರೆದಿಟ್ಟಿದ್ದಾನೆ. ಅವನ ಪ್ರಕಾರ ಬಾಯಿಯೇ ಮನೆ, ಹಲ್ಲುಗಳೇ ಮನೆಯ ಜನ. ಬಲಗಡೆಯವು ಗಂಡಸರು, ಎಡಗಡೆಯವು ಹೆಂಗಸರು. ಇದನ್ನು ಊಟದ ಹೊತ್ತಿನಲ್ಲಿ ಮನೆಮಂದಿಗೆಲ್ಲ ವಿವರಿಸಿ, ಉದುರಿದ್ದು ಎಡಗಡೆಯ ಹಲ್ಲೆಂದು ನಾನು ಸೇರಿಸಬಾರದಿತ್ತು. ಎದುರಿಗಿದ್ದ ಮುಖಗಳನ್ನು ಕಂಡೊಡನೆ ಅದೇ ಗ್ರಂಥದ ಇನ್ನೊಂದು ಮಾತಿಗೆ ಹಾರಿದೆ: ಸಾಲ ಮಾಡಿದವರಿಗೆ ಹಲ್ಲು ಉದುರಿದಂತೆ ಕಂಡರೆ ಸಾಲ ತೀರುವ ಸೂಚನೆಯಂತೆ. ಸಾಲಕ್ಕೆ ನನ್ನಲ್ಲಿ ಕೊರತೆಯಿಲ್ಲದ ಕಾರಣ ಈ ಅರ್ಥವೇ ಶ್ರೇಷ್ಠವೆಂದು ಅಂಗೀಕರಿಸಿ ನೆಮ್ಮದಿಯಿಂದಿದ್ದೆ. ಕೆಲವು ದಿನಗಳ ನಂತರ ಎಡದವಡೆ ಊದಿಕೊಂಡಿತು. ಹಲ್ಲುದುರುವ ಕನಸಿಗೂ ಎದ್ದಾಗ ಹಲ್ಲು, ಒಸಡು, ದವಡೆಗಳಲ್ಲಿ ಕಾಣುವ ಬಿಗಿತ ಅಥವಾ ನೋವಿಗೂ ನಂಟಿದೆಯೆಂದು ಇಸ್ರೇಲಿನ ಇಬ್ಬರು ಸಂಶೋಧಕರು 2018ರಲ್ಲಿ ಪ್ರಕಟಿಸಿದ್ದನ್ನು ನಾನು ಓದಿದ್ದು ದಂತವೈದ್ಯರ ಸರದಿಯಲ್ಲಿ ಕುಳಿತು. ಸಾಲವಂತೂ ತೀರಲಿಲ್ಲ, ವೈದ್ಯರ ಶುಲ್ಕದಷ್ಟು ಬೆಳೆಯಿತು.

ದೇಹವು ಇಷ್ಟು ನೇರವಾಗಿ ಮಾತನಾಡುವುದನ್ನು ಒಪ್ಪಲು ವ್ಯಾಖ್ಯಾನಕಾರನಿಗೆ ಮನಸ್ಸು ಬಾರದು. ಒಮ್ಮೆ ನನ್ನ ಭುಜಕ್ಕೆ ಯಾರದೋ ಅಪರಿಚಿತರ ಕೈಯನ್ನು ಜೋಡಿಸಿದಂತೆ, ಅದು ನನ್ನ ಮಾತನ್ನೇ ಕೇಳದಂತೆ ಕನಸು ಬಿತ್ತು. ಇತರರ ಹೊಣೆಗಳನ್ನು ನಾನು ಹೊರುತ್ತಿದ್ದೇನೆಂಬ ಅಂತರಂಗದ ಅಳಲು ಇದೆಂದು ಗಂಭೀರವಾಗಿ ಹೇಳುತ್ತಿದ್ದಂತೆಯೇ, ‘ರಾತ್ರಿಯೆಲ್ಲ ನೀನು ಆ ಕೈಯ ಮೇಲೇ ಮಲಗಿದ್ದೆ’ ಎಂದು ಮನೆಯವರು ತೀರ್ಪಿತ್ತರು. ಕೈ ಆಗಲೂ ಜೋಮು ಹಿಡಿದೇ ಇತ್ತು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿದ್ವಾಂಸ ಆಲ್‌ಫ್ರೆಡ್ ಮೋರಿಗಾದರೂ ಫ್ರಾನ್ಸಿನ ಮಹಾಕ್ರಾಂತಿಯ ಕಾಲದ ನ್ಯಾಯಮಂಡಳಿ, ವಿಚಾರಣೆ, ಮರಣದಂಡನೆ, ತಲೆ ಕತ್ತರಿಸುವ ಯಂತ್ರವಾದ ಗಿಲೊಟಿನ್ ಎಲ್ಲವೂ ಕನಸಿನಲ್ಲಿ ಕಂಡಿದ್ದವು. ಎಚ್ಚೆತ್ತು ನೋಡಿದರೆ ಮಂಚದ ಹಲಗೆ ಕಳಚಿ ಕೊರಳ ಮೇಲೆ ಬಿದ್ದಿತ್ತು. ಒಂದು ಹಲಗೆಗೆ ಇಡೀ ಕ್ರಾಂತಿಯನ್ನೇ ಕಟ್ಟಿಕೊಟ್ಟ ಆ ಮಿದುಳಿನೆದುರು ನನ್ನದು ತೀರ ಬಡಪಾಯಿ.

ಪರೀಕ್ಷೆಯ ಕನಸಿನ ಬಗ್ಗೆ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಕೊಡುವ ಸಾಂತ್ವನ ಸೊಗಸಾಗಿದೆ. ನಾವು ತೇರ್ಗಡೆಯಾದ ಪರೀಕ್ಷೆಗಳೇ ಕನಸಿನಲ್ಲಿ ಕಾಡುತ್ತವೆ, ಅನುತ್ತೀರ್ಣರಾದವು ಕಾಡುವುದಿಲ್ಲ. ಸ್ವತಃ ತಾವು ಸೋತ ನ್ಯಾಯವೈದ್ಯಶಾಸ್ತ್ರ ತಮ್ಮ ಕನಸಿಗೆ ಎಂದೂ ಬಂದಿಲ್ಲವೆಂದು ಅವರು ಬರೆದಿದ್ದಾರೆ. ನನ್ನ ಕನಸಿಗೆ ಬರುವುದು ಗಣಿತ, ಮತ್ತು ಅದರಲ್ಲಿ ನಾನು ಡುಮ್ಕಿ ಹೊಡೆದದ್ದಕ್ಕೆ ಅಂಕಪಟ್ಟಿಯ ದಾಖಲೆಯಿದೆ. ಫ್ರಾಯ್ಡ್‌ರ ನಿಯಮವನ್ನು ಮುರಿದೆನೆಂಬ ಹೆಮ್ಮೆ ಮೊಳೆಯುವಷ್ಟರಲ್ಲಿ ಅವರದೇ ಗ್ರಂಥದ ಇನ್ನೊಂದು ಪ್ರಸಂಗ ಎದುರಾಯಿತು. ಕನಸುಗಳೆಲ್ಲ ಬಯಕೆಯ ಈಡೇರಿಕೆ ಎಂಬ ಅವರ ವಾದವನ್ನು ಕೇಳಿದ ಮಹಿಳೆಯೊಬ್ಬಳು, ತನಗೆ ಸುತರಾಂ ಇಷ್ಟವಿಲ್ಲದ ಅತ್ತೆಯೊಂದಿಗೆ ಬೇಸಿಗೆಯ ವಿಶ್ರಾಂತಿಗೆ ಹೊರಟಂತೆ ಮರುದಿನವೇ ಕನಸು ಕಂಡಳಂತೆ. ಫ್ರಾಯ್ಡ್ ಎದೆಗುಂದಲಿಲ್ಲ: ತಮ್ಮ ಸಿದ್ಧಾಂತ ಸುಳ್ಳಾಗಲಿ ಎಂಬುದೇ ಆಕೆಯ ಬಯಕೆಯಾಗಿತ್ತು, ಕನಸು ಅದನ್ನು ಈಡೇರಿಸಿತು ಎಂದರು.

ಸೋಲೇ ಇಲ್ಲದ ಇಂಥ ವಾದವನ್ನು ಕಂಡು ನನಗೆ ರೋಮಾಂಚನವಾಯಿತು. ಅದನ್ನು ಅಂದೇ ಸಂಜೆ ಮನೆಯಲ್ಲಿ ಪ್ರಯೋಗಿಸಿದೆ: ನನ್ನ ವ್ಯಾಖ್ಯಾನಗಳಿಗೆ ನೀವು ಎತ್ತುವ ಆಕ್ಷೇಪಗಳೆಲ್ಲ ನಾನು ತಪ್ಪಾಗಬೇಕೆಂಬ ನಿಮ್ಮ ಸುಪ್ತ ಬಯಕೆಯ ಫಲ ಎಂದೆ. ಬಯಕೆ ಸುಪ್ತವೇನೂ ಅಲ್ಲವೆಂದು ಎಲ್ಲರೂ ಒಮ್ಮತದಿಂದ ತಿಳಿಸಿದರು.